ಅಲ್ಕ್‌ಮಾರಿಗೆ ಹೋಗಿಬಂದ ಟಾವೆಲ್ಲು

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಶಿರೂರಿನ ದನದ ದವಾಖಾನೆಯಲ್ಲಿ ನಾನು ಡಾಕ್ಟರು. ಒದೆಯುವ ಎಮ್ಮೆಯ ಪಕ್ಕದಲ್ಲಿ ತಾಸುಗಟ್ಟಲೆ ತಾಳ್ಮೆಯಿಂದ ನಿಲ್ಲುತ್ತೇನೆ, ಮನುಷ್ಯರ ಹತ್ತಿರ ಎರಡು ನಿಮಿಷ ಆಗುವುದಿಲ್ಲ. ಊರು ನೋಡಲು ಹೋಗುವಾಗಲೂ ಒಬ್ಬಳೇ ಹೋಗುತ್ತೇನೆ. ಒಬ್ಬ ಬಾವುಟ ಹಿಡಿದು ಮುಂದೆ ನಡೆಯುವುದು, ನಲವತ್ತು ಜನ ಅವನ ಹಿಂದೆ ಓಡುವುದು, ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡುವುದು, ಇವೆಲ್ಲ ನನಗೆ ಆಗಿಬರುವುದಿಲ್ಲ. ಲಡಾಖ್ ನೋಡಿದ್ದು ಹಾಗೆ, ನೇಪಾಳ ನೋಡಿದ್ದು ಹಾಗೆ. ಈ ವರ್ಷ ಮೇ ತಿಂಗಳಲ್ಲಿ ರಜೆ ಹಾಕಿ ಹಾಲೆಂಡಿಗೆ ಹೋದೆ, ಅಲ್ಕ್‌ಮಾರ್ ಎಂಬ ಊರಿನ ಚೀಸ್ ಸಂತೆ ನೋಡಲು.

ನೋಡಲು ಎಂದೆ. ಖರೆ ಹೇಳಬೇಕೆಂದರೆ ಗೆಲ್ಲಲು ಹೋಗಿದ್ದೆ. ಅದೂ ನಮ್ಮಪ್ಪನನ್ನು.

ಅಪ್ಪ ದುರಗಪ್ಪ ದನದ ದಲಾಲಿ. ನಮ್ಮ ಮನೆ ಹುನಗುಂದದಲ್ಲಿ, ಅವನ ಕೆಲಸ ಅಮೀನಗಡದ ಸಂತೆಯಲ್ಲಿ, ನಲವತ್ತು ವರ್ಷದಿಂದ. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಂದ ಹೇಳುವುದಿಲ್ಲ. ದಲಾಲಿ ಮೊದಲು ಮಾರುವವನ ಕೈ ಹಿಡಿದು ಮೇಲೆ ಟಾವೆಲ್ ಮುಚ್ಚುತ್ತಾನೆ, ಒಳಗೆ ಬೆರಳು ಹಿಡಿದು ಬೆಲೆ ಕೇಳುತ್ತಾನೆ. ಆಮೇಲೆ ಕೊಳ್ಳುವವನ ಹತ್ತಿರ ಹೋಗಿ ಮತ್ತೆ ಅದೇ. ಸುತ್ತ ನೂರು ಜನ ನಿಂತಿದ್ದರೂ ಅವರಿಗೆ ಕಾಣುವುದು ಒಂದು ಬಟ್ಟೆ ಅಲುಗಾಡುವುದು ಮಾತ್ರ. ಒಮ್ಮೊಮ್ಮೆ ನಮ್ಮ ಮನೆಯ ಮುಂದೆಯೂ ಹೀಗೆ ವ್ಯಾಪಾರ ನಡೆಯುವುದನ್ನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಹೆಣ್ಣುಮಕ್ಕಳು ದನದ ಸಂತೆಗೆ ಹೋಗುವ ರೂಢಿ ಇಲ್ಲದ್ದರಿಂದ ಆ ಬಟ್ಟೆಯ ಒಳಗೆ ಏನು ನಡೆಯುತ್ತದೆ ಎಂದು ನನಗೆ ಯಾರೂ ಕಲಿಸಲಿಲ್ಲ. ನಾನೂ ಕೇಳಲಿಲ್ಲ.

ಯುಗಾದಿ ಮುಗಿದ ಮರುವಾರ ನಾನು ಶಿರೂರಿನಿಂದ ಮನೆಗೆ ಬಂದಿದ್ದಾಗ ನಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೇ ಒಂದು ವ್ಯಾಪಾರ ನಡೆಯಿತು. ಅಮಸಿದ್ದಪ್ಪ ಕಾಕಾ ತನ್ನ ಕಿಲಾರಿ ತಳಿಯ ಎತ್ತಿನ ಜೋಡಿ ಮಾರಲು ಹೊಡೆದುಕೊಂಡು ಬಂದಿದ್ದ. ಕೊಳ್ಳಲು ಬಂದವನು ಇಳಕಲ್ಲಿನ ಧರ್ಮರಾಜ. ಓಣಿಯ ಹತ್ತು ಮಂದಿ ಸುಮ್ಮನೆ ನೋಡಲು ಸೇರಿದ್ದರು. ನಾನು ಚಹಾ ಕೊಡಲು ಹೊರಗೆ ಬಂದವಳು ಎತ್ತುಗಳನ್ನು ನೋಡಿದೆ, ಎಡಗಡೆಯ ಎತ್ತು ಮುಂಗಾಲನ್ನು ಪೂರ್ತಿ ಊರದೆ ನಿಂತದ್ದು ಕಣ್ಣಿಗೆ ಬಿತ್ತು. ಬಗ್ಗಿ ನೋಡಿದರೆ ಗೊರಸಿನಲ್ಲಿ ಉದ್ದಕ್ಕೆ ಸೀಳು. ಆ ಕಡೆ ಅಪ್ಪ ಧರ್ಮರಾಜನ ಕೈಮೇಲೆ ಟಾವೆಲ್ ಮುಚ್ಚಿ ತುಟಿ ಬಿಚ್ಚದೆ ನಿಂತಿದ್ದ. ನನ್ನ ತಲೆಗೆ ಸಿಟ್ಟು ಏರಿತು.

"ಏನಿದು ಯಪ್ಪಾ, ಮುಚ್ಚಿಟ್ಟು ಮಾಡೋ ವ್ಯಾಪಾರ? ಎಡಗಡೀ ಎತ್ತಿನ ಗೊರಸು ಸೀಳೇತಿ. ಅದನ್ನ ಬಾಯಿಬಿಟ್ಟು ಹೇಳು. ಟಾವೆಲ್ ಒಳಗ ಮಾಡೋದು ಕಳ್ಳರ ಕೆಲಸ!"

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಹಿಂದಿನ ದಿನವಷ್ಟೇ ಫೋನಿನಲ್ಲಿ ಅಲ್ಕ್‌ಮಾರಿನ ವಿಡಿಯೋ ನೋಡಿದ್ದೆ. ಅದನ್ನು ತೆಗೆದು ಎಲ್ಲರ ಮೂಗಿನ ಮುಂದೆ ಹಿಡಿದೆ. "ನೋಡ್ರಿ, ಹಾಲೆಂಡಿನ್ಯಾಗ ಚೀಸು ಹೆಂಗ ಮಾರ್ತಾರ. ಬಯಲಾಗ ನಿಂತು ಕೈಗೆ ಕೈ ಬಡದು ರೇಟು ಒದರ್ತಾರ. ಇದಕ್ಕ ಅಂತಾರ ನಿಯತ್ತು."

ಅಮಸಿದ್ದಪ್ಪ ಕಾಕಾ ನೆಲ ನೋಡಿದ, ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟ, ಎತ್ತಿನ ಹಗ್ಗ ಬಿಚ್ಚಿಕೊಂಡು ನಡೆದುಬಿಟ್ಟ. ಅಪ್ಪ ಟಾವೆಲ್ಲನ್ನು ಒಮ್ಮೆ ಝಾಡಿಸಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ.

ಅವತ್ತಿನಿಂದ ಅವನು ನನ್ನ ಜೊತೆ ನೇರ ಮಾತು ಬಿಟ್ಟ. ರವಿವಾರ ನಾನು ಮನೆಗೆ ಬಂದರೆ, ನಾನು ಎದುರಿಗೇ ಕೂತಿದ್ದರೂ, "ಸುಂದರವ್ವಾ, ಅಕಿಗೆ ಊಟಕ್ಕ ಏಳು ಅನ್ನು," "ಅಕಿ ಶಿರೂರಿಗೆ ಯಾವಾಗ ಹೊಂಡ್ತಾಳ ಕೇಳು," ಎಂದು ಅವ್ವನ ಕಡೆ ತಿರುಗಿ ಹೇಳುತ್ತಿದ್ದ. ಮೊದಲು ದಿನಾ ಸಂಜೆ ಫೋನ್ ಮಾಡಿ "ಡಾಕ್ಟರವ್ವಾ, ಇವತ್ತು ಎಷ್ಟು ಎಮ್ಮಿ ಒದ್ದುವು?" ಎಂದು ಕೇಳುತ್ತಿದ್ದವನು ಅವನು. ಆ ಫೋನ್ ನಿಂತುಹೋಯಿತು. ಸಂಜೆ ಆರೂವರೆಗೆ ಮೊಬೈಲ್ ಕಡೆ ಕಣ್ಣು ಹೋಗುತ್ತಿತ್ತು, ಸಂಕಟವಾಗುತ್ತಿತ್ತು. ಆದರೆ ಸೋಲಲು ಮನಸ್ಸಿಲ್ಲ. ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಖುದ್ದು ಹೋಗಿ ನೋಡಿ, ಪೂರ್ತಿ ವ್ಯಾಪಾರವನ್ನು ವಿಡಿಯೋ ಮಾಡಿ ತಂದು ಅವನ ಮುಂದೆ ಇಟ್ಟರೆ ಅವನೇ ಒಪ್ಪುತ್ತಾನೆ, ಮಾತಾಡುತ್ತಾನೆ. ಇದು ನನ್ನ ಲೆಕ್ಕಾಚಾರ.

ಹೊರಡುವ ದಿನ ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಮೀನಗಡದ ಕರದಂಟು ಎಲ್ಲ ಚೀಲಕ್ಕೆ ಹಾಕಿದಳು. ಅಪ್ಪ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. "ಅಕಿಗೆ ಹೇಳು, ಅಲ್ಲಿ ಥಂಡಿ ಇರತೈತಂತ," ಎಂದ, ಅಷ್ಟೇ.

ಆಮ್‌ಸ್ಟರ್‌ಡ್ಯಾಮಿನಲ್ಲಿ ಹಾಸ್ಟೆಲ್ಲೊಂದರಲ್ಲಿ ಉಳಿದುಕೊಂಡು ಶುಕ್ರವಾರ ಬೆಳಿಗ್ಗೆ ರೈಲು ಹತ್ತಿದೆ. ಅಲ್ಕ್‌ಮಾರಿಗೆ ಮುಕ್ಕಾಲು ತಾಸಿನ ದಾರಿ. ಕಿಟಕಿಯ ಹೊರಗೆ ಬರೀ ಹಸಿರು, ನಡುವೆ ಕಾಲುವೆ, ಹುಲ್ಲಿನಲ್ಲಿ ಕಪ್ಪುಬಿಳುಪು ಆಕಳುಗಳು. ಉಳಿದವರು ಗಾಳಿಗಿರಣಿ ನೋಡಿ ಫೋಟೋ ತೆಗೆಯುತ್ತಿದ್ದರೆ ನಾನು ಕೆಚ್ಚಲು ನೋಡುತ್ತಿದ್ದೆ. ಎಂಥಾ ಕೆಚ್ಚಲು! ಮೈಮೇಲೆ ರಕ್ತ ಹೀರುವ ಒಂದು ಉಣ್ಣೆಹುಳ ಕೂತಂತೆ ಕಾಣಲಿಲ್ಲ. ಯಾರಿಗೂ ಹೇಳಬೇಕಾಗಿಲ್ಲ, ಯಾರಿಗೂ ಕಾಯಬೇಕಾಗಿಲ್ಲ, ಸೀಟಿನಲ್ಲಿ ಕಾಲು ಮಡಚಿ ಕೂತು ರೊಟ್ಟಿ ಮುರಿದು ಹಿಂಡಿ ಹಚ್ಚಿಕೊಂಡು ತಿಂದೆ. ರೊಟ್ಟಿಯ ಗಂಟು ಬಿಚ್ಚಿದಾಗಲೇ ನೋಡಿದ್ದು, ಅದನ್ನು ಕಟ್ಟಿದ್ದ ಬಟ್ಟೆ ಅಪ್ಪನ ಸಂತೆಯ ಟಾವೆಲ್. ಬಿಳಿ ಬಟ್ಟೆ, ಕೆಂಪು ಅಂಚು, ಮೂಲೆಯಲ್ಲಿ ಬೀಡಿ ತಾಗಿದ ಸಣ್ಣ ತೂತು. ಅವ್ವನಿಗೆ ಬೇರೆ ಬಟ್ಟೆ ಕೈಗೆ ಸಿಕ್ಕಿರಲಿಕ್ಕಿಲ್ಲ ಅಂದುಕೊಂಡು ಮಡಚಿ ಚೀಲಕ್ಕೆ ಹಾಕಿದೆ.

ಚೌಕಕ್ಕೆ ಹೋದಾಗ ಹತ್ತು ಗಂಟೆಗೆ ಇನ್ನೂ ಐದು ನಿಮಿಷ ಇತ್ತು. ಹಾಸುಗಲ್ಲಿನ ಮೇಲೆ ಹಳದಿ ಚೀಸುಗಳನ್ನು ಸಾಲುಸಾಲಾಗಿ ಜೋಡಿಸಿಟ್ಟಿದ್ದರು. ಒಂದೊಂದು ನಮ್ಮ ಮನೆಯ ಬೀಸುವ ಕಲ್ಲಿನಷ್ಟು ಅಗಲ, ಹದಿಮೂರು ಕಿಲೋ ತೂಕವಂತೆ. ಗಂಟೆ ಬಾರಿಸಿತು. ಬಿಳಿ ಬಟ್ಟೆ, ಬಣ್ಣದ ಪಟ್ಟಿಯ ಹುಲ್ಲಿನ ಟೋಪಿ ಹಾಕಿದ ಗಂಡಸರು ಇಬ್ಬಿಬ್ಬರಾಗಿ ಬಂದರು. ಇಬ್ಬರ ನಡುವೆ ತೊಟ್ಟಿಲಿನಂಥ ಒಂದು ಕಟ್ಟಿಗೆಯ ಹಲಗೆ, ಅದರ ಪಟ್ಟಿ ಹೆಗಲಿಗೆ. ಎಂಟು ಚೀಸು ಹೇರಿಕೊಂಡು ಪುಟುಪುಟು ಓಡಿದರು. ಹೆಜ್ಜೆ ಇಬ್ಬರದೂ ಸರಿಯಾಗಿ ಬೀಳಬೇಕು, ಇಲ್ಲದಿದ್ದರೆ ಹೊರೆ ತೂಗಾಡುತ್ತದೆ. ದೊಡ್ಡ ತಕ್ಕಡಿಯ ಮನೆಯೊಳಗೆ ಹೋಗಿ ತೂಕ ಮಾಡಿಸಿ ಮತ್ತೆ ಬರುತ್ತಾರೆ. ನನಗೆ ಎಷ್ಟು ಖುಷಿಯಾಯಿತೆಂದರೆ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿನ ತೋಳು ಹಿಡಿದು "ಅಲ್ಲಿ ನೋಡ್ರಿ!" ಎಂದುಬಿಟ್ಟೆ, ಕನ್ನಡದಲ್ಲೇ.

ಆಮೇಲೆ ನಾನು ಕಾಯುತ್ತಿದ್ದ ಕೈಬಡಿತ ಬಂತು. ನಿಲುವಂಗಿ ತೊಟ್ಟ ಇಬ್ಬರು ಮುದುಕರು ಎದುರುಬದುರು ನಿಂತರು. ಒಬ್ಬ ಬೆಲೆ ಕೂಗಿ ಇನ್ನೊಬ್ಬನ ಅಂಗೈಗೆ ಪಟ್ ಎಂದು ಹೊಡೆದ. ಇವನು ಬೇರೆ ಬೆಲೆ ಕೂಗಿ ತಿರುಗಿ ಹೊಡೆದ. ಐದಾರು ಸಲ ಹೊಡೆದಾಡಿ ಕೊನೆಗೆ ಕೈ ಕುಲುಕಿದರು, ಜನ ಚಪ್ಪಾಳೆ ತಟ್ಟಿದರು. ನಾನು ಒಂದು ಕ್ಷಣವನ್ನೂ ಬಿಡದೆ ವಿಡಿಯೋ ಮಾಡಿದೆ. ಸಿಕ್ಕಿತು ಸಾಕ್ಷಿ!

ಆ ಇಬ್ಬರಲ್ಲಿ ಒಬ್ಬ, ಎಪ್ಪತ್ತು ದಾಟಿದವನು, ಚೀಸಿನ ತುಂಡುಗಳ ತಟ್ಟೆ ಹಿಡಿದು ನಾವು ನಿಂತ ಹಗ್ಗದ ಹತ್ತಿರ ಬಂದ. ಹೆಸರು ಯೋಪ್ ಎಂದ. ಒಂದು ತುಂಡು ತಿಂದೆ. ಉಪ್ಪು, ಆಮೇಲೆ ಸಿಹಿ, ಆಮೇಲೆ ಕಾಯಿಸಿದ ಹಾಲಿನ ತಳದ ರುಚಿ. ನಾನು ಅವನಿಗೆ ಕರದಂಟು ಕೊಟ್ಟೆ. ಅವನು ಹಲ್ಲಿಗೆ ಅಂಟಿದ ಅಂಟನ್ನು ನಾಲಿಗೆಯಿಂದ ಬಿಡಿಸುತ್ತ ತಲೆಯಾಡಿಸಿದ. ಇಂಗ್ಲಿಷಿನಲ್ಲಿ ಕೇಳಿದೆ:

"ಕೊನೆಗೆ ಎಷ್ಟಕ್ಕೆ ಮುಗಿಯಿತು?"

ಅವನು ನಕ್ಕ. "ಬೆಲೆ ಮಂಗಳವಾರವೇ ಆಫೀಸಿನಲ್ಲಿ ಮುಗಿದಿದೆ. ಇದು ನಿಮ್ಮಂಥವರಿಗೆ ತೋರಿಸಲು."

ನನ್ನ ಮುಖ ಇಳಿದುಹೋಯಿತು. ವಿಮಾನದಲ್ಲಿ ಕಾಲು ಮುದುರಿಕೊಂಡು ಅರ್ಧ ಭೂಮಿ ದಾಟಿ ಬಂದದ್ದು ನಾಟಕಕ್ಕಾ? ಸಿಟ್ಟನ್ನು ಮುಚ್ಚಿಡಲು ನನಗೆ ಬರುವುದಿಲ್ಲ, ಹಾಗೇ ಕೇಳಿಯೂ ಬಿಟ್ಟೆ. ಯೋಪ್ ಬೇಜಾರು ಮಾಡಿಕೊಳ್ಳಲಿಲ್ಲ.

"ನಮ್ಮಪ್ಪ ಇಲ್ಲಿ ಕೈಗೆ ಕೈ ಹೊಡೆದದ್ದು ನಾಟಕ ಅಲ್ಲ," ಎಂದ. "ಅವನ ಕಾಲದಲ್ಲಿ ಕೂಗಿದ ಬೆಲೆಯೇ ಬೆಲೆ. ಒಳ್ಳೆ ಬೆಲೆ ಬಂದ ದಿನ ಇದೇ ಚೌಕದ ನಡುವೆ ಹಾಯ್ದು ಮನೆಗೆ ಬರುತ್ತಿದ್ದ. ಕೆಟ್ಟ ಬೆಲೆಗೆ ಕೊಡಬೇಕಾಗಿ ಬಂದ ದಿನ ಕಾಲುವೆಯ ಹಿಂದಿನ ಸಂದಿಯಿಂದ ಬರುತ್ತಿದ್ದ. ಊರಿಗೆಲ್ಲ ಕೇಳಿಸಿರುತ್ತಿತ್ತಲ್ಲ."

ನನಗೆ ತಟ್ಟನೆ ಅಮಸಿದ್ದಪ್ಪ ಕಾಕಾ ನೆನಪಾದ. ಅವತ್ತು ಅವನು ಎತ್ತು ಹೊಡೆದುಕೊಂಡು ಹೋದದ್ದು ಕೂಡ ದೊಡ್ಡ ರಸ್ತೆಯಿಂದ ಅಲ್ಲ, ಹಿಂದಿನ ಹೊಲದ ದಾರಿಯಿಂದ. ನೋಡಿದ್ದೆ, ತಿಳಿದಿರಲಿಲ್ಲ.

ಯಾಕೋ ಆ ಮುದುಕನಿಗೆ ಎಲ್ಲ ಹೇಳಬೇಕೆನ್ನಿಸಿತು. ನಮ್ಮಲ್ಲಿ ಬೆಲೆಯನ್ನು ಬಟ್ಟೆಯ ಒಳಗೆ ಹೇಳುತ್ತಾರೆ ಎಂದೆ. ಅವನ ಕಣ್ಣು ಅರಳಿತು. ತೋರಿಸು ಎಂದ. ಚೀಲದಿಂದ ಟಾವೆಲ್ ತೆಗೆದೆ, ಅದರಿಂದ ರೊಟ್ಟಿಯ ಪುಡಿ ಉದುರಿತು. ಅವನ ಕೈ ಹಿಡಿದು ಮುಚ್ಚಿದೆ. ಐದಾರು ಜನ ಸುತ್ತ ಸೇರಿದರು. ಯೋಪ್ ಕಾಯುತ್ತ ನಿಂತ. ನಾನು ಅವನ ಮೂರು ಬೆರಳು ಹಿಡಿದೆ.

"ಮೂರು," ಎಂದ ಅವನು ಮೆಲ್ಲಗೆ. "ಮೂರು ಏನು? ಏಳಾದರೆ ಹೇಗೆ? ಬೇಡ ಅನ್ನಬೇಕಾದರೆ?"

ನನಗೆ ಗೊತ್ತಿರಲಿಲ್ಲ. ಹತ್ತು ಮಂದಿಯ ಮುಂದೆ ಕಳ್ಳರ ಕೆಲಸ ಎಂದು ಕೂಗಿದವಳಿಗೆ ಆ ಕೆಲಸದ ಅ ಆ ಗೊತ್ತಿರಲಿಲ್ಲ. ಕೈ ಬಿಡಿಸಿಕೊಂಡು ಮನೆಗೆ ವಿಡಿಯೋ ಕಾಲ್ ಮಾಡಿದೆ. ನಮ್ಮಲ್ಲಿ ಆಗ ಮಧ್ಯಾಹ್ನ ಎರಡೂವರೆ. ಅವ್ವ ಎತ್ತಿದಳು.

"ಯವ್ವಾ, ಅಪ್ಪ ಅದಾನೇನು?"

"ಉಂಡು ಕುಂತಾನ. ಯಾಕ ಬೇ, ಆರಾಮ ಅದೀಯಿಲ್ಲೋ?"

"ಆರಾಮ ಅದೇನಿ. ಟಾವೆಲ್ ಒಳಗ ಬೆರಳು ಹೆಂಗ ಹಿಡೀತಾರ, ಅಪ್ಪನ್ನ ಕೇಳು."

ಫೋನಿನಲ್ಲಿ ಸ್ವಲ್ಪ ಹೊತ್ತು ನಮ್ಮ ಮನೆಯ ತೊಲೆ ಮಾತ್ರ ಕಂಡಿತು. ಆಮೇಲೆ ಅಪ್ಪನ ದನಿ: "ಅಕಿಗೆ ಹೇಳು, ಕಳ್ಳರ ಕೆಲಸ ಕಲತು ಏನ್ ಮಾಡ್ತಾಳಂತ."

ಏನಂದ ಎಂದು ಯೋಪ್ ಕೇಳಿದ. ಒಂದಕ್ಷರ ಮುಚ್ಚಿಡದೆ ಹೇಳಿದೆ, ಯಾಕೆ ಹಾಗಂದ ಎಂಬುದನ್ನೂ ಹೇಳಿದೆ. ಅವನು ನನ್ನ ಕೈಯಿಂದ ಫೋನ್ ಇಸಿದುಕೊಂಡ, ಹಗ್ಗದ ಆಚೆ ಹೋಗಿ ಒಂದು ಚೀಸಿನ ಮುಂದೆ ಹಿಡಿದ. ಮುಷ್ಟಿಯಿಂದ ಅದನ್ನು ಡಬ್ ಡಬ್ ಬಡಿದ. ಕೊರೆಯುವ ಸಳಾಕೆ ಚುಚ್ಚಿ ತಿರುವಿ ಒಂದು ಉದ್ದನೆ ತುಂಡು ತೆಗೆದ, ಬೆರಳಲ್ಲಿ ಹಿಸುಕಿದ, ಮೂಸಿದ, ಮಿಕ್ಕಿದ್ದನ್ನು ಮತ್ತೆ ಅದೇ ತೂತಿಗೆ ತುರುಕಿದ. ಫೋನಿನಲ್ಲಿ ತೊಲೆ ಮಾಯವಾಗಿ ಅಪ್ಪನ ಮೂಗು ಕಂಡಿತು.

"ತಡಿ ತಡಿ. ಅದನ್ನ ಯಾಕ ಬಡದ? ಒಳಗ ಪೊಳ್ಳ ಐತೇನು ನೋಡ್ತಾನ? ಇನ್ನೊಮ್ಮೆ ಬಡಿ ಅನ್ನು."

ಯೋಪ್ ಇನ್ನೊಮ್ಮೆ ಬಡಿದ. ಅಪ್ಪ ಕಿವಿಯನ್ನೇ ಫೋನಿಗೆ ಹಚ್ಚಿದ.

"ಗಟ್ಟಿ ಐತಿ. ಮನಶ್ಯಾ ಭಾಳ ಬಲ್ಲಾಂವ. ನೀ ತಿಂದ್ಯೇನು? ಹೆಂಗ ಐತಿ?"

ನೀ ಎಂದಿದ್ದ. ಎರಡು ತಿಂಗಳಾದ ಮೇಲೆ ಅವ್ವನ ಕಡೆ ತಿರುಗದೆ ನನ್ನನ್ನೇ ಕೇಳಿದ್ದ. ನನಗೆ ಅಳು ಬಂದುಬಿಟ್ಟಿತು, ಚೀಸು ಚೆನ್ನಾಗಿದೆ ಎಂದು ಹೇಳಲೂ ಆಗಲಿಲ್ಲ. ತಾನು ನನ್ನ ಜೊತೆ ನೇರ ಮಾತಾಡಿದ್ದು ಅಪ್ಪನಿಗೂ ಆಗಲೇ ಎಚ್ಚರಕ್ಕೆ ಬಂತು. "ಅದು ಫೋನಿನ್ಯಾಗ ಕಲಸೂದಲ್ಲ. ಮನಿಗೆ ಬಾ," ಎಂದ. ಯೋಪ್ ತನ್ನ ಅಂಗೈಯನ್ನು ಫೋನಿನ ಮುಂದೆ ಎತ್ತಿ ಹಿಡಿದ. ಅಪ್ಪ ಏನು ಮಾಡಬೇಕೆಂದು ತಿಳಿಯದೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ.

ಆಮೇಲೆ ಆ ಊರು ಎಷ್ಟು ಚಂದ ಕಂಡಿತೆಂದರೆ! ಸಂಜೆಯವರೆಗೆ ಕಾಲುವೆಯ ದಂಡೆಯಲ್ಲಿ ತಿರುಗಿದೆ, ಸೇತುವೆಯ ಮೇಲೆ ಕೂತು ಉಳಿದ ರೊಟ್ಟಿಯನ್ನು ಚೀಸಿನ ಜೊತೆ ತಿಂದೆ. ಜೋಳದ ರೊಟ್ಟಿಗೆ ಅದು ಚೆನ್ನಾಗಿ ಹೊಂದುತ್ತದೆ.

ಹುನಗುಂದಕ್ಕೆ ಬಂದಾಗ ಕಾರಹುಣ್ಣಿಮೆಗೆ ಇನ್ನೂ ಹತ್ತು ದಿನ ಇತ್ತು. ಕೆಂಪು ಮೇಣ ಬಳಿದ ಸಣ್ಣ ಚೀಸೊಂದನ್ನು ಪಡಸಾಲೆಯ ನಡುವೆ ಇಟ್ಟೆ. ಅವ್ವ ಒಂದು ಚೂರು ಬಾಯಿಗೆ ಹಾಕಿಕೊಂಡು, "ಕಾಸೂದು ಮರತ ಬೆಣ್ಣಿ ಇದ್ಹಂಗೈತಿ," ಎಂದಳು. ಅಪ್ಪ ಅದನ್ನು ಮುಷ್ಟಿಯಿಂದ ಎರಡು ಸಲ ಬಡಿದು ನೋಡಿದ. ಆಮೇಲೆ ನನ್ನ ಕಡೆ ಕೈಚಾಚಿದ.

"ಟಾವೆಲ್ ಕೊಡು ಇತ್ತ. ಹದಿನೈದು ದಿನ ಹೆಗಲ ಬರೇ ಇತ್ತು."

"ರೊಟ್ಟಿ ಕಟ್ಟಾಕ ಅವ್ವಗ ಬ್ಯಾರೆ ಅರಿವಿ ಸಿಗಲಿಲ್ಲೇನು?" ಎಂದೆ ನಾನು.

"ನಾ ಎಲ್ಲಿ ಕಟ್ಟೇನಿ?" ಎಂದಳು ಅವ್ವ. "ನಿಮ್ಮಪ್ಪನೇ ಕಟ್ಟಿದ್ದ."

ಅಪ್ಪ ಅದನ್ನು ಕೇಳಿಸಿಕೊಳ್ಳದವನಂತೆ ನನ್ನ ಕೈ ಹಿಡಿದು ಟಾವೆಲ್ ಮುಚ್ಚಿದ. ಅವನ ಬೆರಳು ಒರಟು, ಹಿಡಿತ ಮಾತ್ರ ಮೆತ್ತಗೆ. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು, ಐದೂ ಹಿಡಿದು ಬಿಟ್ಟು ಮತ್ತೆ ಎರಡು ಹಿಡಿದರೆ ಏಳು. ನೂರೋ ಸಾವಿರವೋ ಎಂಬುದನ್ನು ಎತ್ತೇ ಹೇಳುತ್ತದೆ. ಬೇಡವಾದರೆ ಹೆಬ್ಬೆರಳು ಮಡಚಬೇಕು, ಒಪ್ಪಿದರೆ ಅಂಗೈ ಒತ್ತಬೇಕು. ಚೀಸನ್ನೇ ಎತ್ತು ಮಾಡಿ ನಾವಿಬ್ಬರೂ ವ್ಯಾಪಾರ ಮಾಡಿದೆವು. ಎರಡು ಸಲ ತಪ್ಪಿದೆ, ಅವನು ಬೈಯಲಿಲ್ಲ.

"ಗೊರಸಿನ ಮಾತು," ಎಂದ ಆಮೇಲೆ, ಕೈ ಬಿಡದೆ. "ಧರ್ಮರಾಜಗ ಅದು ಮೊದ್ಲ ಗೊತ್ತಿತ್ತು. ಅಮಸಿದ್ದಪ್ಪನೇ ನನಗ ಹೇಳಿದ್ದ, ನಾ ಟಾವೆಲ್ ಒಳಗ ಧರ್ಮರಾಜನ ಬೆರಳ ಮ್ಯಾಲೆ ಸೀಳು ತೋರಿಸಿ ರೇಟು ಇಳಿಸಿದ್ದೆ. ಅಮಸಿದ್ದಪ್ಪ ಮೂರು ವರ್ಷ ಮಗನಂಗ ಸಾಕಿದ ಎತ್ತು. ಕಡಿಮಿಗೆ ಕೊಡೂದು ಊರ ಮಂದಿಗೆ ಕೇಳಬಾರದು ಅಂತ ಮ್ಯಾಲೆ ಅರಿವಿ ಹಾಕತೇವಿ. ಮತ್ತೇನಿಲ್ಲ ಬೇ ಅದರಾಗ."

ಟಾವೆಲ್ಲಿನ ಒಳಗೆ ಅವನ ಅಂಗೈಯನ್ನು ಗಟ್ಟಿಯಾಗಿ ಒತ್ತಿದೆ. ತಪ್ಪಾಯಿತು ಎಂಬುದು ಅದರಲ್ಲಿ ಅವನಿಗೆ ಮುಟ್ಟಲಿ ಎಂದುಕೊಂಡೆ. ಮುಟ್ಟಿತು. ಅವನು ಬಟ್ಟೆಯನ್ನು ಸರ್ರನೆ ಎಳೆದು ಹೆಗಲಿಗೆ ಹಾಕಿಕೊಂಡ.

"ಇದು ಟಾವೆಲ್ಲಿನ ಒಳಗಿನ ಮಾತಲ್ಲ. ಹತ್ತು ಮಂದಿ ಮುಂದ ಅಂದದ್ದು ಹತ್ತು ಮಂದಿ ಮುಂದನ ಹೋಗಬೇಕು. ನನಗಲ್ಲ, ಅಮಸಿದ್ದಪ್ಪಗ."

ಅದೇ ವಾರ ಮೊದಲ ಸಲ ಅಪ್ಪನ ಜೊತೆ ಅಮೀನಗಡದ ಸಂತೆಗೆ ಹೋದೆ. ದನ, ಧೂಳು, ಗಂಡಸರು, ಎಲ್ಲರೂ ನನ್ನನ್ನೇ ನೋಡುವವರು. ಅಮಸಿದ್ದಪ್ಪ ಕಾಕಾ ತನ್ನ ಕಿಲಾರಿ ಜೋಡಿಯ ಪಕ್ಕದಲ್ಲಿ ನಿಂತಿದ್ದ. ಅಲ್ಕ್‌ಮಾರಿನ ಚೌಕದಲ್ಲಿ ಒಬ್ಬಳೇ ನಿಂತಾಗ ಇಲ್ಲದ ಹೆದರಿಕೆ ಇಲ್ಲಿ ಬಂತು. ಆದರೂ ಸುತ್ತಲಿನವರಿಗೆ ಕೇಳುವ ಹಾಗೆ ಹೇಳಿದೆ:

"ಕಾಕಾ, ಅವತ್ತ ನಾ ಅಂದದ್ದು ತಪ್ಪು. ನೀವೂ ಏನೂ ಮುಚ್ಚಿಟ್ಟಿದ್ದಿಲ್ಲ, ನಮ್ಮಪ್ಪನೂ ಮುಚ್ಚಿಟ್ಟಿದ್ದಿಲ್ಲ. ನನಗ ತಿಳೀದ ಬಾಯಿ ಮಾಡಿದೆ."

ಅವನು ನನ್ನನ್ನು ಒಂದು ಗಳಿಗೆ ನೋಡಿದ. "ಆತು ಬಿಡವಾ," ಎಂದ. "ನಿನ್ನ ಬಾಯಿ ಇಡೀ ತಾಲ್ಲೂಕಿಗೆ ಗೊತ್ತೈತಿ." ಸುತ್ತಲಿನವರೆಲ್ಲ ನಕ್ಕರು, ನಾನೂ ನಕ್ಕೆ. "ಬಂದಿ ಅಂದ್ರ ಆ ಗೊರಸು ನೋಡು. ಅವತ್ತು ಹಂಗ ಬಿಟ್ಟು ಹ್ವಾದಿ."

ಎತ್ತಿನ ಕಾಲನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡಿದೆ. ಸೀಳು ಮುಕ್ಕಾಲು ಕೂಡಿಕೊಂಡಿತ್ತು. ಉಳಿದದ್ದನ್ನು ಅಲ್ಲೇ ಕೂತು ಹೆರೆದು ಔಷಧ ಹಚ್ಚಿದೆ. ಎದ್ದಾಗ ಎದುರಿಗೆ ಧರ್ಮರಾಜ ನಿಂತಿದ್ದ. ಅಪ್ಪ ಅವನಿಗೆ ಹೇಳಿಕಳಿಸಿದ್ದನೆಂದು ಆಗ ತಿಳಿಯಿತು. ಅಪ್ಪ ಹೆಗಲಿನಿಂದ ಟಾವೆಲ್ ತೆಗೆದ, ಆದರೆ ಕಾಕಾನ ಕೈ ಹಿಡಿಯಲಿಲ್ಲ. ಅದನ್ನು ನನ್ನ ಕೈಮೇಲೆ ಹಾಕಿದ.

"ಡಾಕ್ಟರವ್ವಾ, ನೀ ಕೇಳು."

ಗೊರಸಿನ ವಾಸನೆ ಇನ್ನೂ ನನ್ನ ಬೆರಳಲ್ಲಿತ್ತು. ಕಾಕಾ ಬಟ್ಟೆಯ ಒಳಗೆ ಆ ಬೆರಳುಗಳನ್ನು ಹಿಡಿದ, ಬಿಟ್ಟ, ಮತ್ತೆ ಹಿಡಿದ. ನಾನು ಧರ್ಮರಾಜನ ಹತ್ತಿರ ಹೋದೆ, ತಿರುಗಿ ಬಂದೆ. ಮೂರು ಸುತ್ತಾಯಿತು. ಅಪ್ಪ ಬೇಕಂತಲೇ ಆ ಕಡೆ ಮುಖ ಮಾಡಿಕೊಂಡು ಬೇರೆ ಯಾರದೋ ಎತ್ತಿನ ಹಲ್ಲು ನೋಡುತ್ತಿದ್ದ. ನಾಲ್ಕನೇ ಸುತ್ತಿನಲ್ಲಿ ಅಮಸಿದ್ದಪ್ಪ ಕಾಕಾ ನನ್ನ ಅಂಗೈಯನ್ನು ಒತ್ತಿದ. ಎತ್ತಿನ ಬೆನ್ನಿನ ಮೇಲೆ ಒಮ್ಮೆ ಕೈಯಾಡಿಸಿ, ದೊಡ್ಡ ರಸ್ತೆಯ ಕಡೆಯಿಂದಲೇ ಮನೆಗೆ ನಡೆದ.

ಎಷ್ಟಕ್ಕೆ ಮುಗಿಯಿತು ಎಂದು ಅವ್ವ ಕೇಳಿದಳು, ಓಣಿಯವರು ಕೇಳಿದರು. ನಾನು ಹೇಳಲಿಲ್ಲ. ನಿಮಗೂ ಹೇಳುವುದಿಲ್ಲ.